ಇಲಿಯ ನಿದ್ದೆ ಕೆಟ್ಟರೆ ನಮಗೇನು?

ನೀವು ಬೆಳಗಿನ ವಾಕಿಂಗ್‌ನಲ್ಲಿರಬಹುದು, ಆಫೀಸಿನ ರೈಲಿನಲ್ಲಿರಬಹುದು, ಇಲ್ಲಾ ರಾತ್ರಿ ಅಡುಗೆಮನೆ ಒರೆಸುತ್ತಾ ಕೇಳುತ್ತಿರಬಹುದು. ಎಲ್ಲಿದ್ದರೂ ಸ್ವಾಗತ. ಸಾಮಾನ್ಯವಾಗಿ ನಾವು ಒಂದು ವಿಷಯ ಎತ್ತಿಕೊಂಡು ವಿವರಿಸುತ್ತೇವೆ, ತೀರ್ಮಾನ ನಿಮಗೆ ಬಿಡುತ್ತೇವೆ. ಇವತ್ತು ಹಾಗಲ್ಲ. ಇವತ್ತು ನಮ್ಮದೇ ಒಂದು ಅಭಿಪ್ರಾಯ ಇದೆ, ಅದನ್ನ ಹೇಳಿಬಿಡೋಣ ಅಂತ.

ಇದಕ್ಕೆ ಕಾರಣ ಕೇಳುಗರೊಬ್ಬರ ಪತ್ರ. ಅವರ ಅತ್ತೆಗೆ ಆಲ್ಝೈಮರ್ಸ್ ಇತ್ತು. ಕೊನೆಯ ಮೂರು ವರ್ಷ ರಾತ್ರಿ ಎರಡು ಗಂಟೆಗೆ ಎದ್ದು, ಸೀರೆ ಸರಿ ಮಾಡಿಕೊಂಡು, ಕೈಯಲ್ಲೊಂದು ಚೀಲ ಹಿಡಿದು ಬಾಗಿಲ ಹತ್ತಿರ ನಿಂತುಬಿಡುತ್ತಿದ್ದರಂತೆ. "ಬಸ್ಸು ಬಂತು, ಊರಿಗೆ ಹೋಗಬೇಕು." ಸೊಸೆಗೆ ಹಗಲೆಲ್ಲ ಕೆಲಸ, ರಾತ್ರಿಯೆಲ್ಲ ಕಾವಲು. ಅತ್ತೆ ತೀರಿಕೊಂಡು ಈಗ ಸ್ವಲ್ಪ ಸಮಯವಾಗಿದೆ. ಮೊನ್ನೆ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿದೆ: ಆರು ಗಂಟೆಗಿಂತ ಕಡಿಮೆ ಮಲಗುವವರ ಮೆದುಳಿನಲ್ಲಿ ವಿಷ ಸೇರುತ್ತದೆ, ಆಲ್ಝೈಮರ್ಸ್ ಖಚಿತ, ಇದು ವಿಜ್ಞಾನಿಗಳ ಸಂಶೋಧನೆ ಅಂತ. ಅವರು ನಮಗೆ ಕೇಳಿದ್ದು ಇಷ್ಟೇ: "ಆ ಮೂರು ವರ್ಷ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನಗೂ ಬರುತ್ತಾ?"

ಆ ಫಾರ್ವರ್ಡಿನ ಹಿಂದಿನ ಸಂಶೋಧನೆ ಯಾವುದು ಅಂತ ಹುಡುಕಿಕೊಂಡು ಹೊರಟರೆ ಕೊನೆಗೆ ಸಿಗುವುದು ಒಂದು ಇಲಿ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋ ಗಾದೆ ನಮ್ಮಲ್ಲಿದೆ. ಇಲ್ಲಿ ಆಗಿರುವುದು ಅದರ ಉಲ್ಟಾ. ವಿಜ್ಞಾನಿಗಳು ಶ್ರಮಪಟ್ಟು, ಎಚ್ಚರಿಕೆಯಿಂದ ಒಂದು ಇಲಿ ಹಿಡಿದರು. ಸುದ್ದಿ ಮಾಡಿದವರು ಬೆಟ್ಟವೇ ಸಿಕ್ಕಿತು ಅಂತ ಡಂಗುರ ಹೊಡೆದರು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಆಲ್ಝೈಮರ್ಸ್ ಇಲಿಗಳ ನಿದ್ದೆಯ ಮೇಲೆ ನಡೆದಿರುವ ಕೆಲಸ ಬಹಳ ಒಳ್ಳೆಯ ಕೆಲಸ. ಆದರೆ ಅದರಿಂದ ನಾವು ತಪ್ಪು ಪಾಠ ಕಲಿಯುತ್ತಿದ್ದೇವೆ. "ನಿದ್ದೆಗೆಟ್ಟರೆ ಕಾಯಿಲೆ ಬರುತ್ತೆ" ಅನ್ನುವ ಅರ್ಧ ಮಾತ್ರ ಊರೆಲ್ಲ ಸುತ್ತುತ್ತಿದೆ. "ಕಾಯಿಲೆಯೇ ನಿದ್ದೆ ಕೆಡಿಸುತ್ತೆ" ಅನ್ನುವ ಇನ್ನರ್ಧವನ್ನೂ ಅದೇ ಇಲಿಗಳು ತೋರಿಸಿವೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕಾಗಿರುವುದು ಆ ಎರಡನೆಯ ಅರ್ಧ. ಅದನ್ನು ಅವರಿಗೆ ಯಾರೂ ಹೇಳುತ್ತಿಲ್ಲ.

ಸರಿ, ಇಲಿಯಿಂದಲೇ ಶುರು ಮಾಡೋಣ. ಯಾಕೆ ಇಲಿ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಅನ್ನುವ ಮಹಿಳೆಯನ್ನು ಕರೆತಂದರು. ಆಗ ಆಕೆಗೆ 51 ವರ್ಷ. ಮರೆವು, ಗಂಡನ ಮೇಲೆ ವಿನಾಕಾರಣ ಸಂಶಯ, ನಿದ್ದೆಯಿಲ್ಲದ ರಾತ್ರಿಗಳು. ಆಕೆಯನ್ನು ನೋಡಿದ ವೈದ್ಯರು ಅಲೋಯ್ಸ್ ಆಲ್ಝೈಮರ್. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1906ರಲ್ಲಿ ಟ್ಯೂಬಿಂಗೆನ್ ಊರಿನ ಸಭೆಯೊಂದರಲ್ಲಿ ಆಲ್ಝೈಮರ್ ತಾವು ಕಂಡದ್ದನ್ನು ವಿವರಿಸಿದರು. ನರಕೋಶಗಳ ಹೊರಗೆ ಗಂಟುಗಂಟಾಗಿ ಕೂತ ಕಸ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಹೊರಗಿನ ಕಸವನ್ನು ಈಗ ಅಮೈಲಾಯ್ಡ್ ಪ್ಲೇಕ್ ಅಂತೀವಿ, ಅದು ಅಮೈಲಾಯ್ಡ್ ಬೀಟಾ ಅನ್ನುವ ಪ್ರೋಟೀನ್ ತುಣುಕಿನಿಂದ ಆದದ್ದು. ಒಳಗಿನ ಸಿಕ್ಕು ಟೌ ಅನ್ನುವ ಇನ್ನೊಂದು ಪ್ರೋಟೀನಿನದು.

ನಿದ್ದೆ ಕೆಡುವುದು ಈ ಕಾಯಿಲೆಯ ಕಥೆಯಲ್ಲಿ ಮೊದಲ ಪುಟದಿಂದಲೇ ಇದೆ, ಗಮನಿಸಿದಿರಾ? ಆದರೆ ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ನಿದ್ದೆ ಕೆಟ್ಟದ್ದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ನಿದ್ದೆ ಕೆಟ್ಟಿತೋ? ಮೆದುಳಿನಲ್ಲಿ ಅಮೈಲಾಯ್ಡ್ ಸೇರುವುದು ಮರೆವು ಕಾಣಿಸಿಕೊಳ್ಳುವ 15–20 ವರ್ಷ ಮೊದಲೇ ಶುರುವಾಗುತ್ತದೆ. ಅಷ್ಟು ವರ್ಷ ಒಬ್ಬ ಮನುಷ್ಯನ ಮೆದುಳಿಗೆ ಸೂಜಿ ಇಟ್ಟುಕೊಂಡು ಕೂರೋಕೆ ಆಗಲ್ಲ. ಇಲಿಯ ಆಯಸ್ಸು ಎರಡು ಮೂರು ವರ್ಷ, ಅಷ್ಟರಲ್ಲಿ ಇಡೀ ಬದುಕನ್ನೇ ನೋಡಬಹುದು. ಅದಕ್ಕೇ ಇಲಿ.

ಆದರೆ ಇಲ್ಲೊಂದು ತೊಡಕಿದೆ. ಇಲಿಗಳಿಗೆ ಆಲ್ಝೈಮರ್ಸ್ ಬರುವುದೇ ಇಲ್ಲ! ಎಷ್ಟೇ ಮುದಿಯಾದರೂ ಬರಲ್ಲ. ಅಮೈಲಾಯ್ಡ್ ಬೀಟಾ ಅನ್ನುವುದು ಸುಮಾರು 40–42 ಮಣಿಗಳ ಒಂದು ಸರ ಅಂದುಕೊಳ್ಳಿ. ಇಲಿಯ ಸರದಲ್ಲಿ ಮೂರು ಮಣಿ ನಮ್ಮದಕ್ಕಿಂತ ಬೇರೆ. ಅಷ್ಟು ವ್ಯತ್ಯಾಸ ಇರುವುದರಿಂದ ಅದು ಸುಲಭವಾಗಿ ಗಂಟು ಕಟ್ಟುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಮನುಷ್ಯನ ಜೀನ್ ಅನ್ನೇ ಇಲಿಯೊಳಗೆ ಸೇರಿಸಿದರು. ಸಾಮಾನ್ಯ ಜೀನ್ ಸೇರಿಸಿದರೆ ಪ್ಲೇಕ್ ಆಗುವಷ್ಟರಲ್ಲಿ ಇಲಿಯ ಆಯಸ್ಸೇ ಮುಗಿದಿರುತ್ತದೆ. ಅದಕ್ಕೆ ಆರಿಸಿಕೊಂಡದ್ದು, ಚಿಕ್ಕ ವಯಸ್ಸಿನಲ್ಲೇ ಆಲ್ಝೈಮರ್ಸ್ ಬರುವ ಕೆಲವು ಅಪರೂಪದ ಕುಟುಂಬಗಳಲ್ಲಿ ಸಿಕ್ಕ ದೋಷಪೂರಿತ ಜೀನ್‌ಗಳನ್ನು.

1996ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾರೆನ್ ಶಾವ್ ಅವರ ತಂಡ ಹೀಗೆ ಮಾಡಿದ ಇಲಿಯ ಹೆಸರು ಟಿಜಿ2576. ಅದರಲ್ಲಿರುವುದು ಸ್ವೀಡನ್ನಿನ ಒಂದು ಕುಟುಂಬದಲ್ಲಿ ಕಂಡ ದೋಷ. ಆಮೇಲೆ ಎರಡು ಜೀನ್‌ಗಳನ್ನು ಜೊತೆಗೂಡಿಸಿದ ಎಪಿಪಿ–ಪಿಎಸ್1 ಇಲಿ ಬಂತು. 2006ರಲ್ಲಿ ಐದು ದೋಷಗಳನ್ನು ಒಂದೇ ಇಲಿಗೆ ತುಂಬಿದ 5ಎಕ್ಸ್‌ಎಫ್‌ಎಡಿ ಬಂತು. ಇದಕ್ಕೆ ಎರಡೇ ತಿಂಗಳಿಗೆ ಪ್ಲೇಕ್ ಶುರು. ಐದು ತಲೆಮಾರಿನ ಶಾಪವನ್ನು ಒಂದೇ ಜೀವದ ಮೇಲೆ ಹಾಕಿದ ಹಾಗೆ.

ಇನ್ನು ಇಲಿಯ ನಿದ್ದೆ ಅಳೆಯುವುದು ಹೇಗೆ? ತಲೆಬುರುಡೆಗೆ ಪುಟ್ಟ ತಂತಿಗಳನ್ನು ಕೂರಿಸಿ ಮೆದುಳಿನ ಅಲೆ ದಾಖಲಿಸುತ್ತಾರೆ, ಕುತ್ತಿಗೆಯ ಸ್ನಾಯುವಿನಿಂದ ಬಿಗಿತ ದಾಖಲಿಸುತ್ತಾರೆ. ಎರಡನ್ನೂ ಸೇರಿಸಿದರೆ ಎಚ್ಚರ, ಗಾಢ ನಿದ್ದೆ, ಕನಸಿನ ರೆಮ್ ನಿದ್ದೆ ಮೂರನ್ನೂ ಬೇರ್ಪಡಿಸಬಹುದು. ಇಲಿ ನಿಶಾಚರಿ, ಹಗಲು ಮಲಗುತ್ತದೆ. ಅದೂ ನಮ್ಮ ಹಾಗೆ ಒಂದೇ ಸಮನೆ ಅಲ್ಲ. ಕೆಲವು ನಿಮಿಷ ಮಲಗಿ, ಎದ್ದು, ಸ್ವಲ್ಪ ತಿಂದು, ಮತ್ತೆ ಮಲಗಿ, ದಿನಕ್ಕೆ ಒಟ್ಟು ಸುಮಾರು 12 ಗಂಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. 2009. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹೋಲ್ಟ್ಸ್‌ಮನ್ ಅವರ ತಂಡ ಎಳೆಯ ಇಲಿಗಳನ್ನು ತೆಗೆದುಕೊಂಡಿತು. ಜೀನ್ ಇದೆ, ಆದರೆ ಪ್ಲೇಕ್ ಇನ್ನೂ ಹುಟ್ಟಿಲ್ಲ. ಮೆದುಳಿನ ಕೋಶಗಳ ನಡುವಿನ ದ್ರವವನ್ನು ಗಂಟೆಗಂಟೆಗೂ ತೆಳುವಾದ ನಳಿಕೆಯಿಂದ ತೆಗೆದು ನೋಡಿದರು. ಇಲಿ ಎಚ್ಚರ ಇದ್ದಾಗ ಅಮೈಲಾಯ್ಡ್ ಬೀಟಾ ಏರುತ್ತಿತ್ತು, ಮಲಗಿದಾಗ ಇಳಿಯುತ್ತಿತ್ತು. ಸಮುದ್ರದ ಭರತ ಇಳಿತದ ಹಾಗೆ. ಬಲವಂತವಾಗಿ ಎಚ್ಚರ ಇಟ್ಟರೆ ಇಳಿಯಲೇ ಇಲ್ಲ. ಎಚ್ಚರ ಕಾಯುವ ಓರೆಕ್ಸಿನ್ ಅನ್ನುವ ರಾಸಾಯನಿಕವನ್ನು ಕೊಟ್ಟರೆ ಏರಿತು, ಅದನ್ನು ತಡೆಯುವ ಔಷಧಿ ಕೊಟ್ಟರೆ ಇಳಿಯಿತು. ದಿನಕ್ಕೆ 20 ಗಂಟೆಯಂತೆ 21 ದಿನ ನಿದ್ದೆಗೆಡಿಸಿದ ಇಲಿಗಳಲ್ಲಿ ಪ್ಲೇಕ್ ಹೆಚ್ಚಾಯಿತು.

ಇದು ನಿಜಕ್ಕೂ ದೊಡ್ಡ ಫಲಿತಾಂಶ. ಫಾರ್ವರ್ಡಿನ ತಾಯಿಬೇರು ಇರುವುದು ಇಲ್ಲೇ. 2019ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಬಂದ ಕೆಲಸ ಟೌ ಪ್ರೋಟೀನಿನದೂ ಇದೇ ಕಥೆ ಅಂತ ತೋರಿಸಿತು. ಇಲಿಯ ಮೆದುಳಿನ ದ್ರವದಲ್ಲಿ ನಿದ್ದೆಯ ಹೊತ್ತಿಗಿಂತ ಎಚ್ಚರದ ಹೊತ್ತಿನಲ್ಲಿ ಟೌ ಸುಮಾರು ಶೇ. 90 ಹೆಚ್ಚು.

ಈಗ ಫಾರ್ವರ್ಡ್ ಆಗದ ಪ್ರಯೋಗಕ್ಕೆ ಬನ್ನಿ. 2012, ಅದೇ ಹೋಲ್ಟ್ಸ್‌ಮನ್ ತಂಡ, ಎಪಿಪಿ–ಪಿಎಸ್1 ಇಲಿಗಳು. ಈ ಸಲ ಇಲಿಗಳ ನಿದ್ದೆಯನ್ನು ಯಾರೂ ಕೆಡಿಸಲಿಲ್ಲ. ಸುಮ್ಮನೆ ಬೆಳೆಯಲು ಬಿಟ್ಟು ನೋಡಿದರು. ಎಳವೆಯಲ್ಲಿ ನಿದ್ದೆ ಸರಿಯಾಗಿಯೇ ಇತ್ತು. ಮೆದುಳಿನಲ್ಲಿ ಪ್ಲೇಕ್ ಬೆಳೆದ ಮೇಲೆ ಅಮೈಲಾಯ್ಡಿನ ಭರತ ಇಳಿತ ನಿಂತುಹೋಯಿತು, ನಿದ್ದೆಯೂ ಹದಗೆಟ್ಟಿತು. ಮಲಗಬೇಕಾದ ಹೊತ್ತಿನಲ್ಲಿ ಇಲಿಗಳು ಎಚ್ಚರವಾಗಿ ಓಡಾಡತೊಡಗಿದವು. ಆಮೇಲೆ ಇನ್ನೊಂದು ಗುಂಪಿಗೆ ಅಮೈಲಾಯ್ಡ್ ವಿರುದ್ಧ ಮೊದಲೇ ಲಸಿಕೆ ಕೊಟ್ಟು ಪ್ಲೇಕ್ ಆಗದಂತೆ ನೋಡಿಕೊಂಡರು. ಆ ಇಲಿಗಳ ನಿದ್ದೆ ಚೆನ್ನಾಗಿಯೇ ಉಳಿಯಿತು.

ಇದರ ಅರ್ಥ ಏನು? ಜೀನ್ ಎರಡು ಗುಂಪಿನಲ್ಲೂ ಒಂದೇ, ಗೂಡೂ ಊಟವೂ ಒಂದೇ. ಕಾಯಿಲೆಯ ಕಸ ಇದ್ದಲ್ಲಿ ನಿದ್ದೆ ಕೆಟ್ಟಿತು, ಕಸ ತಡೆದಲ್ಲಿ ಉಳಿಯಿತು. ಅಂದರೆ ಕನಿಷ್ಠ ಆ ಇಲಿಯಲ್ಲಿ, ನಿದ್ದೆಗೇಡು ಕಾಯಿಲೆಯ ಲಕ್ಷಣ. ಹಠ ಅಲ್ಲ, ದುರಭ್ಯಾಸ ಅಲ್ಲ. ಮೆದುಳಿನಲ್ಲಿ ನಡೆಯುತ್ತಿರುವುದರ ನೇರ ಪರಿಣಾಮ.

ಎರಡೂ ಪ್ರಯೋಗ ಸೇರಿಸಿದರೆ ಒಂದು ಚಕ್ರ ಸಿಗುತ್ತದೆ. ನಿದ್ದೆ ಕಡಿಮೆಯಾದರೆ ಅಮೈಲಾಯ್ಡ್ ಹೆಚ್ಚು, ಅಮೈಲಾಯ್ಡ್ ಗಂಟು ಕಟ್ಟಿದರೆ ನಿದ್ದೆ ಇನ್ನೂ ಕಡಿಮೆ. ಈ ಚಕ್ರದಲ್ಲಿ ಜನರಿಗೆ ತಲುಪಿದ್ದು ಅರ್ಧ ಸುತ್ತು ಮಾತ್ರ. ಮೊದಲರ್ಧ ಯಾಕೆ ಅಷ್ಟು ಹರಡಿತು ಅನ್ನುವುದು ಕಷ್ಟದ ಪ್ರಶ್ನೆ ಏನಲ್ಲ. ಅದರಲ್ಲಿ ಭಯ ಇದೆ, ಜೊತೆಗೆ ಒಂದು ಬೈಗುಳವೂ ಇದೆ: "ನೀನು ಸರಿಯಾಗಿ ಮಲಗಲಿಲ್ಲ, ಅದಕ್ಕೇ." ಎರಡನೆಯದರಲ್ಲಿ ಯಾರನ್ನೂ ಬೈಯೋಕೆ ಅವಕಾಶವಿಲ್ಲ.

ಇನ್ನು ಆ ಮೊದಲರ್ಧವನ್ನೇ ಎಷ್ಟು ನಂಬಬೇಕು? ಇಂಥ ಯಾವುದೇ ಸುದ್ದಿ ಕಂಡಾಗ ನಾವು ಮೂರು ಪ್ರಶ್ನೆ ಕೇಳುತ್ತೇವೆ. ನೀವೂ ಕೇಳಿ.

ಮೊದಲನೆಯದು: ಇದು ಯಾರ ಮೆದುಳು? ಇಲ್ಲಿ ಬಳಸಿದ ಜೀನ್ ದೋಷಗಳು ಒಟ್ಟು ಆಲ್ಝೈಮರ್ಸ್ ರೋಗಿಗಳಲ್ಲಿ ಶೇ. 1ಕ್ಕಿಂತ ಕಡಿಮೆ ಜನರಲ್ಲಿ ಇರುವಂಥವು. ನಮ್ಮ ಅಜ್ಜಿ ತಾತಂದಿರಿಗೆ ಎಪ್ಪತ್ತು ಎಂಬತ್ತರಲ್ಲಿ ಬರುವ ಕಾಯಿಲೆಯ ದಾರಿ ಬೇರೆ ಇರಬಹುದು. ಟಿಜಿ2576ನಂಥ ಇಲಿಗಳಲ್ಲಿ ಪ್ಲೇಕ್ ಬರುತ್ತದೆ, ಆದರೆ ಟೌ ಸಿಕ್ಕುಗಳು ಮನುಷ್ಯರಲ್ಲಿ ಆಗುವ ಹಾಗೆ ಆಗಲ್ಲ, ನರಕೋಶಗಳೂ ಅಷ್ಟು ಸಾಯಲ್ಲ. ಜೊತೆಗೆ, ಇಂಥ ಇಲಿಗಳಲ್ಲಿ ಕೆಲವು ತಳಿಗಳು ಅತಿ ಚಟುವಟಿಕೆಯವು. ಕೆಲವಕ್ಕೆ ಮೆದುಳಿನಲ್ಲಿ ಮೂರ್ಛೆರೋಗದಂಥ ವಿದ್ಯುತ್ ಅಲೆಗಳೂ ಏಳುತ್ತವೆ. ಅಂಥ ಇಲಿ ಮಲಗದಿದ್ದರೆ ಅದು ಆಲ್ಝೈಮರ್ಸ್‌ನ ನಿದ್ದೆಗೇಡೋ, ಅತಿಯಾಗಿ ತುರುಕಿದ ಜೀನ್‌ನ ಅಡ್ಡಪರಿಣಾಮವೋ? ಯಾವ ತಳಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಎರಡನೆಯದು: ಎಚ್ಚರ ಇಟ್ಟವರು ಯಾರು, ಹೇಗೆ? ಇಲಿ ತಾನಾಗಿ ನಿದ್ದೆಗೆಡುವುದಿಲ್ಲ. ಕಣ್ಣು ಮುಚ್ಚಿದ ತಕ್ಷಣ ಬ್ರಷ್‌ನಿಂದ ಮುಟ್ಟಿ ಎಬ್ಬಿಸುವುದು ಒಂದು ವಿಧಾನ. ನೀರಿನ ನಡುವೆ ಪುಟ್ಟ ಕಟ್ಟೆಯ ಮೇಲೆ ಕೂರಿಸುವುದು ಇನ್ನೊಂದು. ನಿದ್ದೆ ಬಂದು ಮೈ ಸಡಿಲವಾದರೆ ನೀರಿಗೆ ಜಾರುತ್ತದೆ. ಇದೆಲ್ಲ ಬರೀ ನಿದ್ದೆಗೇಡಲ್ಲ, ಹಿಂಸೆಯೂ ಹೌದು. 2007ರಲ್ಲಿ ಅದೇ ಸೇಂಟ್ ಲೂಯಿಸ್‌ನ ವಿಜ್ಞಾನಿಗಳೇ ತೋರಿಸಿದ್ದರು, ಒತ್ತಡ ಒಂದರಿಂದಲೇ ಇಲಿಯ ಮೆದುಳಿನಲ್ಲಿ ಅಮೈಲಾಯ್ಡ್ ಬೀಟಾ ಏರುತ್ತದೆ ಅಂತ. ನ್ಯಾಯವಾಗಿ ಹೇಳಬೇಕೆಂದರೆ, ನಿದ್ದೆ ತರಿಸುವ ಔಷಧಿಯಿಂದ ಅಮೈಲಾಯ್ಡ್ ಇಳಿದದ್ದು ನಿದ್ದೆಗೂ ಪಾತ್ರ ಇದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಆದರೂ 21 ದಿನ ದಿನಕ್ಕೆ 20 ಗಂಟೆ ಎಚ್ಚರ ಇಟ್ಟ ಪ್ರಾಣಿಯನ್ನು, ಮಗುವಿಗೆ ಹಾಲು ಕೊಡಲು ಎರಡು ಸಲ ಎದ್ದ ತಾಯಿಯ ಪಕ್ಕ ನಿಲ್ಲಿಸಿ ಹೋಲಿಸುವುದು ಸರಿಯೇ?

ಮೂರನೆಯದು: ಅಳೆದದ್ದು ಏನನ್ನು? ಈ ಪ್ರಯೋಗಗಳು ಅಳೆದದ್ದು ಪ್ರೋಟೀನ್ ಮಟ್ಟವನ್ನು ಮತ್ತು ಪ್ಲೇಕ್ ಅನ್ನು. ಕಾಯಿಲೆ ಅಂದರೆ ಅಷ್ಟೇ ಅಲ್ಲ. ಮೆದುಳಲ್ಲಿ ಪ್ಲೇಕ್ ತುಂಬಿದ್ದರೂ ಕೊನೆಯವರೆಗೆ ಲೆಕ್ಕಪತ್ರ ಬರೆದುಕೊಂಡು, ಮೊಮ್ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಂಡು ಬಾಳುವವರಿದ್ದಾರೆ. ಇಲಿಯಲ್ಲಿ ಪ್ಲೇಕ್ ಇಳಿಸಿದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತಿವೆ. 2002ರಿಂದ 2012ರವರೆಗಿನ ಆಲ್ಝೈಮರ್ಸ್ ಔಷಧಿ ಪ್ರಯೋಗಗಳ ಲೆಕ್ಕ ಹಾಕಿದಾಗ ಸೋಲಿನ ಪ್ರಮಾಣ ಶೇ. 99.6! ಮುಂದೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಕೂಡ ಮನುಷ್ಯರಲ್ಲಿ ಪ್ಲೇಕನ್ನು ಚೆನ್ನಾಗಿಯೇ ತೆಗೆಯಿತು, ಆದರೆ 18 ತಿಂಗಳಲ್ಲಿ ಕಾಯಿಲೆಯ ವೇಗ ತಗ್ಗಿದ್ದು ಶೇ. 27ರಷ್ಟು. ಪ್ಲೇಕ್ ಹೋದರೆ ಕಾಯಿಲೆಯೇ ಹೋಯಿತು ಅನ್ನುವ ಸಮೀಕರಣ ಅಷ್ಟು ಸರಳ ಅಲ್ಲ.

ಇಲಿಯ ಒಳಗೇ ವಿಜ್ಞಾನಿಗಳಿಗೆ ಒಮ್ಮತ ಇಲ್ಲದ ವಿಷಯಗಳೂ ಇವೆ. 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ, ಇಲಿ ಮಲಗಿದಾಗ ಮೆದುಳಿನ ಕೋಶಗಳ ನಡುವಿನ ಜಾಗ ಸುಮಾರು ಶೇ. 60 ಹಿಗ್ಗಿ ಕಸ ವೇಗವಾಗಿ ತೊಳೆದುಹೋಗುತ್ತದೆ ಅಂತ ಹೇಳಿತು. "ನಿದ್ದೆ ಮೆದುಳನ್ನು ತೊಳೆಯುತ್ತದೆ" ಅನ್ನುವ ಮಾತು ಮನೆಮಾತಾಯಿತು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಬೇರೆ ವಿಧಾನದಲ್ಲಿ ಅಳೆದು, ಮಲಗಿದಾಗ ತೊಳೆಯುವುದು ಕಡಿಮೆಯಾಗುತ್ತದೆ ಅಂತ ಪ್ರಕಟಿಸಿತು. ಎರಡೂ ಇಲಿಯೇ, ಎರಡೂ ಹೆಸರಾಂತ ತಂಡಗಳೇ. ವಾದ ಇನ್ನೂ ಮುಗಿದಿಲ್ಲ. ವಾದ ನಡೆಯುವುದು ವಿಜ್ಞಾನದ ಆರೋಗ್ಯದ ಗುರುತು. ಮುಗಿಯದ ವಾದವನ್ನು ಮುಗಿದ ತೀರ್ಪು ಅಂತ ಮನೆಮನೆಗೆ ಹಂಚಿದ್ದು ನಮ್ಮ ತಪ್ಪು. "ನಮ್ಮ" ಅಂದದ್ದು ಬೇಕೆಂದೇ. ವಿಜ್ಞಾನ ಹೇಳುವ ಕೆಲಸ ಮಾಡುವ ನಾವೆಲ್ಲರೂ ಅದರಲ್ಲಿ ಸೇರಿದ್ದೇವೆ.

ಹಾಗಾದರೆ ಮನುಷ್ಯರಲ್ಲಿ ಏನೂ ಇಲ್ಲವಾ? ಇದೆ, ಇಲ್ಲ ಅನ್ನಲ್ಲ. 2018ರಲ್ಲಿ ಅಮೆರಿಕದಲ್ಲಿ 20 ಆರೋಗ್ಯವಂತರನ್ನು ಒಂದು ರಾತ್ರಿ ಎಚ್ಚರ ಇಟ್ಟು ಸ್ಕ್ಯಾನ್ ಮಾಡಿದಾಗ ಮೆದುಳಿನ ಕೆಲವು ಭಾಗಗಳಲ್ಲಿ ಅಮೈಲಾಯ್ಡ್ ಸ್ವಲ್ಪ ಏರಿದ್ದು ಕಂಡಿತು. 2021ರಲ್ಲಿ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ ಬಂತು. ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಹಿಂಬಾಲಿಸಿದ ಲೆಕ್ಕ ಅದು. ಐವತ್ತು, ಅರವತ್ತು, ಎಪ್ಪತ್ತು ಮೂರೂ ವಯಸ್ಸಿನಲ್ಲಿ ನಿದ್ದೆ ಕಡಿಮೆಯೇ ಇದ್ದವರಲ್ಲಿ ಡಿಮೆನ್ಷಿಯಾ ಶೇ. 30 ಹೆಚ್ಚು ಅಂತ ಅದು ಹೇಳಿತು. ಶೇ. 30 ಅಂದರೆ ಭಯ ಆಗುತ್ತೆ ಅಲ್ವಾ? ಲೆಕ್ಕ ಹೀಗೆ ಹಾಕಿ. ನೂರು ಜನರಲ್ಲಿ ಹತ್ತು ಜನಕ್ಕೆ ಬರುತ್ತದೆ ಅಂದುಕೊಂಡರೆ, ಅದು ಹದಿಮೂರಾಗುತ್ತದೆ. ಎಂಬತ್ತೇಳು ಜನಕ್ಕೆ ಬರುವುದಿಲ್ಲ. ಅದೂ ಇಪ್ಪತ್ತು ವರ್ಷ ಸತತವಾಗಿ ಕಡಿಮೆ ಮಲಗಿದವರ ಲೆಕ್ಕ. "ಖಚಿತ" ಅನ್ನುವ ಪದ ಎಲ್ಲಿಂದ ಬಂತು?

2023ರಲ್ಲಿ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು 38 ಜನರ ಮೇಲೆ ನಡೆಸಿದ ಪುಟ್ಟ ಅಧ್ಯಯನವೂ ಇದೆ. ಓರೆಕ್ಸಿನ್ ತಡೆಯುವ ಸುವೊರೆಕ್ಸಾಂಟ್ ಅನ್ನುವ ನಿದ್ದೆ ಮಾತ್ರೆ ಕೊಟ್ಟಾಗ ಬೆನ್ನುಹುರಿಯ ದ್ರವದಲ್ಲಿ ಅಮೈಲಾಯ್ಡ್ ಶೇ. 10ರಿಂದ 20ರಷ್ಟು ಇಳಿಯಿತು. ಇಲಿ ತೋರಿಸಿದ ದಾರಿ ಮನುಷ್ಯನವರೆಗೆ ತಲುಪಿದ್ದಕ್ಕೆ ಒಳ್ಳೆಯ ಉದಾಹರಣೆ ಇದು, ಇಲಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಅದು ಎರಡು ರಾತ್ರಿಯ ಲೆಕ್ಕ. ಇದನ್ನು ನೋಡಿ ಯಾರೂ ಆಲ್ಝೈಮರ್ಸ್ ತಡೆಯೋಕೆ ಅಂತ ನಿದ್ದೆ ಮಾತ್ರೆ ಶುರು ಮಾಡಬೇಡಿ, ದಯವಿಟ್ಟು.

ಸುದ್ದಿಯ ಸಮಸ್ಯೆಗೆ ಒಂದು ಪುರಾವೆ ಕೊಡುತ್ತೇವೆ. 2021ರಲ್ಲಿ ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಇಲಿಗಳ ಮೇಲೆ ನಡೆದ 623 ಆಲ್ಝೈಮರ್ಸ್ ಸಂಶೋಧನಾ ಲೇಖನಗಳನ್ನು ತೆಗೆದುಕೊಂಡು, ಯಾವುದರ ಶೀರ್ಷಿಕೆಯಲ್ಲಿ "ಇಲಿ" ಅನ್ನುವ ಪದ ಇದೆ, ಯಾವುದರಲ್ಲಿ ಇಲ್ಲ ಅಂತ ನೋಡಿದರು. ಶೀರ್ಷಿಕೆಯಲ್ಲಿ ಇಲಿಯನ್ನು ಬಿಟ್ಟ ಲೇಖನಗಳಿಗೆ ಹೆಚ್ಚು ಸುದ್ದಿ ಸಿಕ್ಕಿತ್ತು, ಆ ಸುದ್ದಿಗಳ ತಲೆಬರಹದಲ್ಲೂ ಇಲಿ ಮಾಯ. ಅಂದರೆ ಇಲಿ ಕಳೆದುಹೋಗುವುದು ವಾಟ್ಸಾಪ್‌ನಲ್ಲಲ್ಲ. ವಿಜ್ಞಾನಿಯ ಮೇಜಿನ ಮೇಲೇ ಕಳೆದುಹೋಗಿ, ಪತ್ರಕರ್ತರ ಕೈ ದಾಟಿ, ನಮ್ಮಂಥವರ ಬಾಯಿ ದಾಟಿ, ಕೊನೆಗೆ ಒಬ್ಬ ಸೊಸೆಯ ಫೋನಿಗೆ ತಲುಪುತ್ತದೆ. ಇನ್ನು ಮುಂದೆ ನಮ್ಮ ಕಂತುಗಳ ಶೀರ್ಷಿಕೆಯಲ್ಲಿ, ಪ್ರಯೋಗ ಇಲಿಯದಾದರೆ ಇಲಿ ಇರುತ್ತದೆ. ಇವತ್ತಿನದರಿಂದಲೇ ಶುರು.

ಈಗ ಇನ್ನರ್ಧ ಪಾಠಕ್ಕೆ ಬರೋಣ, ಮನೆಗೆ ಉಪಯೋಗವಾಗುವ ಅರ್ಧಕ್ಕೆ.

ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಅಂದುಬಿಡುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಎರಡೂ ಗಾದೆ ಸೇರಿ ಒಂದು ಅನ್ಯಾಯ ಮಾಡುತ್ತವೆ: ಮರೆವು ವಯಸ್ಸಿನ ಸಹಜ, ನಿದ್ದೆ ಬಾರದಿದ್ದರೆ ಅದು ಅವರ ಚಿಂತೆ, ಅವರ ಸ್ವಭಾವ. ಹಾಗಾಗಿ ರಾತ್ರಿ ಎದ್ದು ಓಡಾಡುವ ಅಮ್ಮನಿಗೆ ಗದರುತ್ತೇವೆ, "ಹಗಲೆಲ್ಲ ತೂಕಡಿಸ್ತೀಯ, ರಾತ್ರಿ ನಮ್ಮ ಪ್ರಾಣ ತಿಂತೀಯ" ಅಂತ. ಆಲ್ಝೈಮರ್ಸ್‌ನಲ್ಲಿ ಸಂಜೆಯಾದಂತೆ ಗಾಬರಿ, ತಳಮಳ ಹೆಚ್ಚಾಗುವುದು, ಹಗಲು ರಾತ್ರಿ ಅದಲುಬದಲಾಗುವುದು ವೈದ್ಯರಿಗೆಲ್ಲ ಗೊತ್ತಿರುವ ಲಕ್ಷಣ. ಆ ಇಲಿಯ ಗೂಡಿನಲ್ಲಿ ಬೈಯುವವರೂ ಇರಲಿಲ್ಲ, ಚಿಂತೆಯೂ ಇರಲಿಲ್ಲ. ಆದರೂ ಪ್ಲೇಕ್ ಬಂದ ಮೇಲೆ ಅದು ಮಲಗಲಿಲ್ಲ. ಇದನ್ನು ಅಮ್ಮನ ಮುಂದೆ ನಿಂತಾಗ ಒಂದು ಕ್ಷಣ ನೆನಪಿಸಿಕೊಂಡರೆ ಸಾಕು, ದನಿ ತಾನಾಗಿ ತಗ್ಗುತ್ತದೆ.

ಲಕ್ಷಣ ಅಂದಮೇಲೆ ಅದನ್ನು ವೈದ್ಯರ ಮುಂದೆ ಇಡಬೇಕು. ಮರೆವಿನ ಬಗ್ಗೆ ಅರ್ಧ ಗಂಟೆ ಮಾತಾಡಿ, ರಾತ್ರಿಯ ವಿಷಯ ಬಾಗಿಲಲ್ಲಿ ನಿಂತು ಹೇಳುವುದಲ್ಲ. ಗೊರಕೆ ಜೋರಿದ್ದು ನಡುವೆ ಉಸಿರು ಕಟ್ಟುತ್ತದಾ? ಮೂತ್ರಕ್ಕೆ ಪದೇಪದೇ ಏಳುತ್ತಾರಾ? ಮಂಡಿ ನೋವು ಹೇಳಿಕೊಳ್ಳಲು ಬಾರದೆ ಹೊರಳಾಡುತ್ತಿದ್ದಾರಾ? ಡೊನೆಪೆಝಿಲ್ ಮಾತ್ರೆ ರಾತ್ರಿ ತಗೊಂಡರೆ ಕೆಲವರಿಗೆ ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ, ಬೆಳಗ್ಗೆಗೆ ಬದಲಿಸಬಹುದಾ ಅಂತ ಕೇಳಿ. ಹೊರದೇಶಗಳಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಡೈಫೆನ್‌ಹೈಡ್ರಮೀನ್ ಇರುವ ನಿದ್ದೆ ಮಾತ್ರೆಗಳು ವಯಸ್ಸಾದವರ ಗೊಂದಲವನ್ನು ಇನ್ನೂ ಹೆಚ್ಚಿಸಬಲ್ಲವು, ವೈದ್ಯರನ್ನು ಕೇಳದೆ ಕೊಡಬೇಡಿ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಕೂರಿಸಿ. ಮಧ್ಯಾಹ್ನದ ನಿದ್ದೆ ಉದ್ದವಾಗದ ಹಾಗೆ ನೋಡಿಕೊಳ್ಳಿ. ಮತ್ತೊಂದು ನಮ್ಮ ಮನೆಗಳಿಗೇ ಸೇರಿದ್ದು: ಮರೆವು ಶುರುವಾಗಿರುವ ತಂದೆತಾಯಿಯನ್ನು ಹತ್ತು ಹನ್ನೆರಡು ಗಂಟೆ ಸಮಯ ಬೇರೆ ಇರುವ ದೇಶಕ್ಕೆ ಕರೆಸಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ನಮಗೆ ಒಂದು ವಾರದಲ್ಲಿ ಸರಿಹೋಗುವ ಜೆಟ್‌ಲ್ಯಾಗ್ ಅವರಿಗೆ ಹಗಲು ರಾತ್ರಿಯನ್ನೇ ಕಲಸಿಹಾಕಬಹುದು.

ಇನ್ನೊಂದು ಮಾತು. ಇಲಿ ಪ್ರಶ್ನೆ ಹುಟ್ಟಿಸುತ್ತದೆ, ಉತ್ತರ ಕೊನೆಗೆ ಮನುಷ್ಯರಿಂದಲೇ ಬರಬೇಕು. ಅದೂ ವೈಟ್‌ಹಾಲ್‌ನ ನೌಕರರಿಂದ ಮಾತ್ರ ಅಲ್ಲ. 2023ರಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಾವಿರಾರು ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ಸ್ಯಾನ್ಸ್‌ಕಾಗ್ ಅಧ್ಯಯನ ನಡೆಸುತ್ತಿದೆ. ಹೊಲಗೆಲಸ ಮಾಡಿದ, ಶಾಲೆಗೆ ಹೆಚ್ಚು ಹೋಗದ, ಸೂರ್ಯನ ಜೊತೆ ಏಳುವ ಜನ. ನಿದ್ದೆ ಮತ್ತು ಮರೆವಿನ ನಂಟಿನ ಬಗ್ಗೆ ನಮ್ಮವರಿಗೆ ಹೊಂದುವ ಉತ್ತರ ಸಿಗುವುದಾದರೆ ಇಂಥ ತಾಳ್ಮೆಯ ಕೆಲಸದಿಂದಲೇ. ಇದು ತಲೆಬರಹ ಆಗಲ್ಲ. ಆದರೆ ನಮ್ಮ ಗಮನ, ನಮ್ಮ ದೇಣಿಗೆ, ನಮ್ಮ ಫಾರ್ವರ್ಡ್‌ಗಳು ಹೋಗಬೇಕಾದದ್ದು ಇಂಥ ಕಡೆ ಅಂತ ನಮಗನಿಸುತ್ತದೆ.

ಕೊನೆಗೆ, ಪತ್ರ ಬರೆದವರಿಗೆ. ನಿಮಗೆ ಬರುತ್ತದೋ ಇಲ್ಲವೋ ಯಾರೂ ಹೇಳಲಾರರು, ನಮಗೂ ಬರುತ್ತದೋ ಇಲ್ಲವೋ ಹೇಳಲಾಗದ ಹಾಗೆಯೇ. ಆದರೆ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆವು. ಆ ಮೂರು ವರ್ಷ ನಿಮ್ಮ ಹಣೆಬರಹ ಬರೆದಿಟ್ಟಿದೆ ಅನ್ನುವುದಕ್ಕೆ ಇಲಿಯಲ್ಲೂ ಸಾಕ್ಷಿ ಇಲ್ಲ, ಮನುಷ್ಯರಲ್ಲೂ ಇಲ್ಲ. ನಿದ್ದೆ ಬೇಕು, ಹೃದಯಕ್ಕೆ, ಬಿಪಿಗೆ, ಮನಸ್ಸಿಗೆ, ಮಾರನೇ ದಿನಕ್ಕೆ ಬೇಕು. ಈಗ ರಾತ್ರಿ ಕಾವಲು ಮುಗಿದಿದೆ, ಮಲಗಿ. ಭಯದಿಂದ ಅಲ್ಲ, ದಣಿದಿದ್ದೀರಿ ಅಂತ.

ಇನ್ನು ಈ ಹೊತ್ತಿನಲ್ಲೂ ಕಾವಲು ಕಾಯುತ್ತಿರುವವರ ಮನೆಯವರಿಗೆ ಒಂದು ಮಾತು. ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದೂರದಿಂದ ಫಾರ್ವರ್ಡ್ ಕಳಿಸುವ ಬದಲು ವಾರಕ್ಕೆ ಎರಡು ರಾತ್ರಿ ನೀವು ನೋಡಿಕೊಳ್ಳಿ. ದೇಶ ಬೇರೆ ಇದ್ದರೆ ರಾತ್ರಿಗೆ ಒಬ್ಬರು ಸಹಾಯಕರನ್ನು ಇಡುವ ಖರ್ಚು ನೀವು ಹೊತ್ತುಕೊಳ್ಳಿ. ನಿದ್ದೆ ಮುಖ್ಯ ಅನ್ನುವುದು ನಿಜವೇ ಆದರೆ, ಅದನ್ನು ಎಲ್ಲರಿಗಿಂತ ಮೊದಲು ಅವರಿಗೆ ಕೊಡಿಸಬೇಕು.

ಇವತ್ತಿಗೆ ಇಷ್ಟು. ನಿಮ್ಮ ಒಪ್ಪಿಗೆ, ಜಗಳ, ಪ್ರಶ್ನೆ ಎಲ್ಲವನ್ನೂ ಬರೆದು ಕಳಿಸಿ, ಓದುತ್ತೇವೆ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.